ಗಂಡು ಸಹಸ್ರಪದಿ ಬೇಕಾಗಿದೆ

ನಾನು ಸುಮ್ಮನೆ ಬಸ್ ಸ್ಟಾಪಿನಲ್ಲಿ ನಿಂತಿದ್ದರೂ ಏನಾದರೊಂದು ಎಡವಟ್ಟು ಬಂದು ನನ್ನ ಪಕ್ಕದಲ್ಲೇ ನಿಲ್ಲುತ್ತದೆ. ‘ಅದಾಗಿ ಎಲ್ಲಿ ಬರುತ್ತೆ, ನೀವೇ ಕೈಹಿಡಿದು ಕರ್ಕೊಂಡು ಬರ್ತೀರಿ’ ಎನ್ನುವುದು ನನ್ನ ಹೆಂಡತಿಯ ವಾದ. ಇಬ್ಬರ ಮಾತನ್ನೂ ಅರ್ಧರ್ಧ ನಂಬಿ, ಮುಂದಕ್ಕೆ ಓದಿ.

ರಾಮನಗರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವನು ನಾನು. ತಲೆ ಅರ್ಧ ನೆರೆತ ಮೇಲೆ ಪಿಎಚ್‌ಡಿ ಮಾಡುವ ಹುಚ್ಚು ಹಿಡಿಯಿತು. ಕಪ್ಪೆ, ಮೀನು, ಮಿಡತೆಗಳನ್ನೆಲ್ಲ ನನಗಿಂತ ಮೊದಲು ಹೋದವರು ಹಂಚಿಕೊಂಡಾಗಿತ್ತು. ರೇಷ್ಮೆಹುಳು ತಗೊಳ್ಳೋಣವೆಂದರೆ ನಮ್ಮ ಕಡೆ ಮನೆಗೊಬ್ಬ ತಜ್ಞ. ಉಳಿದದ್ದು ಸಹಸ್ರಪದಿ. ಮಳೆ ಬಿದ್ದ ಕೂಡಲೇ ಬಚ್ಚಲ ಸಂದಿಯಿಂದ ಮೆರವಣಿಗೆ ಹೊರಡುತ್ತದಲ್ಲ, ಮುಟ್ಟಿದರೆ ಚಕ್ಕುಲಿ ಹಾಗೆ ಸುತ್ತಿಕೊಳ್ಳುತ್ತದಲ್ಲ, ಮಕ್ಕಳು ರೈಲುಹುಳ ಅನ್ನುತ್ತಾರಲ್ಲ, ಅದೇ. ಅದರ ಜೀವಕೋಶದಲ್ಲಿ ವರ್ಣತಂತುಗಳು ಎಷ್ಟಿವೆ, ಕೋಶ ವಿಭಜನೆಯಾಗುವಾಗ ಅವು ಹೇಗೆ ಜೋಡಿ ಕಟ್ಟಿ, ಸಾಲಾಗಿ ನಿಂತು, ಆಮೇಲೆ ಒಂದಕ್ಕೊಂದು ಬೆನ್ನು ಹಾಕಿ ಹೋಗುತ್ತವೆ ಎಂದು ನೋಡಿ ಬರೆಯುವುದು ನನ್ನ ಕೆಲಸ. ಇದು ಚೆನ್ನಾಗಿ ಕಾಣುವುದು ಗಂಡಿನ ವೃಷಣದಲ್ಲಿ. ಹಾಗಾಗಿ ನನಗೆ ಬೇಕಾದದ್ದು ಗಂಡು, ಗಂಡು ಮಾತ್ರ.

ನನ್ನ ಗೈಡ್ ಮೈಸೂರಿನ ಒಬ್ಬ ಮೇಡಂ. ಹುಟ್ಟಿದಾಗಿನಿಂದ ಒಂದು ಸುಳ್ಳು ಹೇಳಿದವರಲ್ಲ, ಒಂದು ಜೋಕಿಗೆ ನಕ್ಕವರಲ್ಲ. ಅವರು ನಿವೃತ್ತಿಯಾಗುವುದರೊಳಗೆ ನನ್ನ ಥೀಸಿಸ್ಸಿಗೆ ಅವರ ಸಹಿ ಬೀಳಬೇಕಿತ್ತು. ಬೀಳದಿದ್ದರೆ ಮುಂದಿನ ಗೈಡ್ ಮೀನಿನವರು. ‘ನಮ್ಮ ಹತ್ರ ಬಂದರೆ ಆ ಹುಳ ಬಿಸಾಕಿ, ಮೀನಿಂದ ಶುರು ಮಾಡಬೇಕಾಗುತ್ತೆ’ ಎಂದು ಅವರು ಮೊದಲೇ ಹೇಳಿಟ್ಟಿದ್ದರು. ಇನ್ನೊಮ್ಮೆ ಮೊದಲಿಂದ ಶುರುಮಾಡುವ ಆಯಸ್ಸು ನನಗಿರಲಿಲ್ಲ. ಸಹಿ ಹಾಕಲು ಮೇಡಂ ನನ್ನನ್ನು ನಂಬಬೇಕಿತ್ತು. ತೊಂದರೆ ಇದ್ದದ್ದು ಅಲ್ಲೇ.

ಹೊಸ ತಳಿ

ಮರಳವಾಡಿ ಹತ್ತಿರ ಒಂದು ಹಿಪ್ಪುನೇರಳೆ ತೋಟದ ಗೊಬ್ಬರದ ಗುಂಡಿಯಲ್ಲಿ ಸಹಸ್ರಪದಿ ಹೇರಳ. ಬಿದಿರಿನ ತಟ್ಟೆ ಹಿಡಿದು ಆರಿಸುತ್ತಿದ್ದೆ. ತೋಟದ ಯಜಮಾನ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

‘ಏನ್ ಸಾ ಇದು, ಹೊಸ ತಳಿನಾ?’

ಇಲ್ಲ ಅನ್ನಬಹುದಿತ್ತು. ನಾಲಿಗೆ ಕೇಳಬೇಕಲ್ಲ. ‘ಹ್ಞೂ ಗೌಡ್ರೇ, ಕಪ್ಪು ರೇಷ್ಮೆ’ ಅಂದುಬಿಟ್ಟೆ.

‘ಸೊಪ್ಪು?’

‘ಸೊಪ್ಪೇ ಬೇಡ. ತರಗೆಲೆ ಸಾಕು.’

ಆತ ತಟ್ಟೆಯ ಮೇಲೆ ಬಗ್ಗಿದ. ‘ಎಷ್ಟು ಜ್ವರ ಏಳ್ತದೆ?’ ಹುಳ ಪೊರೆ ಬಿಡುವುದಕ್ಕೆ ರೇಷ್ಮೆಯವರು ಜ್ವರ ಅನ್ನುತ್ತಾರೆ.

‘ಸುಮಾರು ಏಳ್ತದೆ. ತಾಳ್ಮೆ ಬೇಕು.’

‘ಕಾಲ್ ನೋಡುದ್ರೆ ನೂಲು ಗಟ್ಟಿ ಬರೋ ಹಂಗೈತೆ’ ಎಂದು ತಾನೇ ತೀರ್ಮಾನ ಮಾಡಿ ಹೋದ. ನಾನು ಮರೆತೂಬಿಟ್ಟೆ.

ಕೆಲವು ದಿನ ಬಿಟ್ಟು ಕಾಲೇಜಿನ ಗೇಟಿನ ಹತ್ತಿರ ಅದೇ ಗೌಡ, ಮೊಪೆಡ್ಡಿನ ಮೇಲೆ. ಒದೆ ಬೀಳುತ್ತದೆಂದು ಲ್ಯಾಬಿನ ಹಿಂಬಾಗಿಲು ನೋಡಿಕೊಂಡೆ. ಆತ ಅಲ್ಲಿಗೂ ಬಂದ.

‘ಸಾ, ಒಂದ್ ಚೀಲ ತುಂಬ ಹಿಡ್ದು, ಹುಳ ಗೂಡು ಕಟ್ಟೋ ಬಿದಿರು ಚಂದ್ರಿಕೆಗೆ ಬುಟ್ಟೆ. ಒಂದಾದ್ರೂ ಗೂಡು ಕಟ್ಟಬೇಕಲ್ಲ? ಗೋಡೆ ಹತ್ಕೊಂಡು ಮನೆಯೆಲ್ಲಾ ಹರ್ಕೊಂಡ್ಬುಟ್ವು!’

‘ಗೌಡ್ರೇ, ಅದೇನಾಯ್ತು ಅಂದ್ರೆ…’

‘ತಾಳಿ ಸಾ. ನಮ್ ಷಡ್ಡಕ ಬಂದು ಹಬ್ಬದಿಂದ ನಮ್ಮನೇಲೇ ಮಲ್ಗಿದ್ದ. ಏನ್ ಹೇಳುದ್ರೂ ಏಳಾಕಿಲ್ಲ. ಒಂದು ಹೋಗಿ ಅವನ ಬನೀನೊಳಕ್ಕೆ ಸೇರ್ಕಂತು ನೋಡಿ. ತನ್ನ ಬಟ್ಟೆ ಚೀಲ ತಗೊಂಡವನು ಬಸ್ಸಿಗೂ ಕಾಯ್ನಿಲ್ಲ, ನಡ್ಕೊಂಡೇ ಊರು ಸೇರವ್ನೆ.’ ಆತ ನನ್ನ ಕೈ ಹಿಡಿದುಕೊಂಡ. ‘ತಳಿ ಬೋ ಚೆನ್ನಾಗೈತೆ ಸಾ. ನಮ್ಮ ಪಕ್ಕದ ಮನೆಯೋರೂ ಒಸಿ ಕೇಳ್ತಾವ್ರೆ.’

ಹೆಣ್ಣಾದರೆ ಫ್ರೀ

ಸಹಸ್ರಪದಿಯಲ್ಲಿ ಗಂಡು ಹೆಣ್ಣು ಗುರುತಿಸುವುದು ಸುಲಭ. ಹುಳವನ್ನು ಹೊಟ್ಟೆ ಮೇಲೆ ಮಾಡಿ ಹಿಡಿದು ತಲೆಯ ಕಡೆಯಿಂದ ಏಳನೇ ಉಂಗುರಕ್ಕೆ ಬರಬೇಕು. ಅಲ್ಲಿ ನಡೆಯುವ ಕಾಲು ಇಲ್ಲದೆ ಖಾಲಿ ಕಂಡರೆ ಗಂಡು. ಕಾಲಿನ ಜಾಗದಲ್ಲಿ ಸಂಸಾರದ ಸಾಮಾನು ಒಳಗೆ ಮಡಚಿಟ್ಟುಕೊಂಡಿರುತ್ತದೆ. ಹೇಳುವುದಕ್ಕೆ ಸುಲಭ, ಓಡುವ ಬಸ್ಸಿನಲ್ಲಿ ನೋಡುವುದು ಕಷ್ಟ.

ಕನಕಪುರದಿಂದ ಬರುವಾಗ ಬಸ್ಸಿನಲ್ಲಿ ಡಬ್ಬಿ ತೆಗೆದು, ಭೂತಗನ್ನಡಿ ಹಿಡಿದು ಏಳನೇ ಉಂಗುರ ಹುಡುಕುತ್ತಿದ್ದೆ. ಡ್ರೈವರ್ ಹಂಪ್ ಹಾರಿಸಿದ. ಡಬ್ಬಿಯೂ ಹಾರಿತು. ಮುಂದಿನ ಸೀಟಿನ ಹೆಂಗಸು ಸೆರಗು ಕೊಡವಿದ ರಭಸಕ್ಕೆ ಒಂದು ಹುಳ ಹೋಗಿ ಕಂಡಕ್ಟರನ ಟಿಕೆಟ್ ಮಿಷನ್ ಮೇಲೆ ಚಕ್ಕುಲಿಯಾಗಿ ಕೂತಿತು.

‘ಯಾರ್ದ್ರೀ ಇದು ಲಗೇಜು?’

ಬಸ್ಸಿಗೆ ಬಸ್ಸೇ ನನ್ನ ಕಡೆ ಬೆರಳು ತೋರಿಸಿತು.

‘ನಂದೇ ಸ್ವಾಮಿ. ಸಂಶೋಧನೆಗೆ. ಗಂಡು ಯಾವುದು ಹೆಣ್ಣು ಯಾವುದು ನೋಡ್ತಾ ಇದ್ದೆ.’

ಕಂಡಕ್ಟರ್ ಸಿಟ್ಟಾಗುತ್ತಾನೆಂದುಕೊಂಡೆ. ಅವನು ನನಗಿಂತ ಕಿಲಾಡಿ. ಕೈ ಚಾಚಿದ. ‘ಕೊಡ್ರೀ ಆ ಕನ್ನಡಿ ಇತ್ಲಾಗೆ.’ ನಾನು ಹೇಳಿಕೊಟ್ಟಂತೆ ಉಂಗುರ ಎಣಿಸಿದ. ‘ಇಲ್ಲಿ ಕಾಲಿಲ್ಲ. ಹಂಗಾರೆ?’

‘ಗಂಡು’ ಎಂದೆ ಖುಷಿಯಿಂದ. ಇಡೀ ದಿನಕ್ಕೆ ಸಿಕ್ಕ ಮೊದಲನೇ ಗಂಡು ಅದು.

‘ಹೆಣ್ಣಾಗಿದ್ರೆ ಸರ್ಕಾರ ಫ್ರೀ ಬುಟ್ಟೈತೆ, ಬುಟ್ಬುಡ್ತಿದ್ದೆ. ಗಂಡಸು ಅಂತ ನೀವೇ ಬಾಯ್ಬುಟ್ಟು ಹೇಳುದ್ರಿ’ ಎಂದು ಕಿರ್ರನೆ ಟಿಕೆಟ್ ಹರಿದು ನನ್ನ ಕೈಗಿಟ್ಟ. ‘ಕಿಟಕಿ ಸೀಟೇ ಕೊಡಿ ಪಾಪ, ಕಾಲ್ ನೀಡ್ಕೊಳ್ಳಾಕೆ ಜಾಗ ಬೇಕಾಯ್ತದೆ.’

ಜೋಡಿ ಅಂದರೆ ಜೋಡಿ

ತರಗತಿಯಲ್ಲಿ ತೋರಿಸಲು ಮರದ ವರ್ಣತಂತು ಮಾಡಿಸೋಣವೆನಿಸಿ ಚನ್ನಪಟ್ಟಣಕ್ಕೆ ಹೋದೆ. ಅರಗಿನ ಬಣ್ಣದ ಬೊಂಬೆ ಮಾಡುವ ಒಬ್ಬ ಹಿರಿಯರು, ಎಲ್ಲರೂ ಚಾಚಾ ಅನ್ನುತ್ತಾರೆ, ನನ್ನ ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

‘ಇದು ಎಂಥಾ ಆಟಿಕೆ ಸಾಬ್? ಮಗು ಬಾಯಿಗೆ ಹಾಕತಾ?’

‘ಮಗು ಹುಟ್ಟೋಕೆ ಇದೇ ಬೇಕು ಚಾಚಾ’ ಎಂದೆ. ಎಲ್ಲವೂ ಜೋಡಿ ಜೋಡಿ, ಒಂದು ಅಮ್ಮನಿಂದ, ಒಂದು ಅಪ್ಪನಿಂದ. ವಿಭಜನೆಯ ಹೊತ್ತಿಗೆ ಜೋಡಿಗಳು ತಬ್ಬಿಕೊಂಡು ನಡುವೆ ಸಾಲಾಗಿ ನಿಂತು, ಆಮೇಲೆ ಅತ್ತೊಂದು ಇತ್ತೊಂದು ಹೋಗುತ್ತವೆ ಎಂದೆಲ್ಲ ವಿವರಿಸಿದೆ.

‘ತಬ್ಕೊಂಡು ಆಮೇಲೆ ಯಾಕೆ ಹೋಗತವೆ?’

‘ಹೋಗದಿದ್ದರೆ ವಂಶ ಬೆಳೆಯಲ್ಲ ಚಾಚಾ.’

ಅವರಿಗೆ ಅದು ಅಷ್ಟು ಒಪ್ಪಿಗೆಯಾದಂತೆ ಕಾಣಲಿಲ್ಲ. ಆದರೂ ಮಾಡಿಕೊಡಲು ಒಪ್ಪಿದರು. ಒಂದು ಜೋಡಿಯಲ್ಲಿ ಮಾತ್ರ ಒಂದು ಉದ್ದ, ಒಂದು ಗಿಡ್ಡ. ಅದೇ ಎಕ್ಸ್ ಮತ್ತು ವೈ. ಆ ಗಿಡ್ಡ ವೈ ಇದ್ದರೇ ಗಂಡು. ಅದನ್ನು ಎರಡು ಸಲ ಹೇಳಿ ಬಂದೆ.

ಮುಂದಿನ ವಾರ ಹೋದರೆ ಬುಟ್ಟಿ ತುಂಬ ಹಣ್ಣಿನಂತೆ ಹೊಳೆಯುವ ವರ್ಣತಂತುಗಳು. ಎಕ್ಸ್ ಜೊತೆ ವೈ ಹುಡುಕಿದೆ. ಎಲ್ಲವೂ ಒಂದೇ ಅಳತೆ.

‘ಚಾಚಾ, ಗಿಡ್ಡದ್ದು ಎಲ್ಲಿ?’

‘ಅದಾ? ಚಿತ್ರದಲ್ಲಿ ತಪ್ಪು ಇತ್ತು ಸಾಬ್, ಸರಿ ಮಾಡಿದೀನಿ.’

‘ತಪ್ಪಲ್ಲ ಚಾಚಾ, ಅದು ಗಂಡು!’

‘ಯಾರೇ ಆಗಲಿ ಸಾಬ್. ಜೋಡಿಯಲ್ಲಿ ಒಂದು ಗಿಡ್ಡ ಕೊಟ್ಟರೆ ಗಿರಾಕಿ ನಮಗೆ ಉಗೀತಾನೆ. ಇಷ್ಟು ವರ್ಷದಲ್ಲಿ ಡಿಫೆಕ್ಟ್ ಮಾಲು ಹೊರಗೆ ಬಿಟ್ಟಿಲ್ಲ.’

ನಮ್ಮ ಕಾಲೇಜಿನಲ್ಲಿ ಈಗಲೂ ಇರುವುದು ಚನ್ನಪಟ್ಟಣದ ಅಪ್ಪಟ ಹೆಣ್ಣು ಸಹಸ್ರಪದಿ. ಗಂಡು ಅಂದರೆ ಡಿಫೆಕ್ಟ್ ಮಾಲು ಎಂದು ಚಾಚಾ ಹೇಳಿದ್ದನ್ನು ಮನೆಯಲ್ಲಿ ಹೇಳಿ ತಪ್ಪು ಮಾಡಿದೆ. ನನ್ನ ಹೆಂಡತಿ ಆ ಅಂಗಡಿಯ ವಿಳಾಸ ಕೇಳಿ ಇಟ್ಟುಕೊಂಡಿದ್ದಾಳೆ.

ಎಂಟು ಕಾಲು

ಸ್ಲೈಡ್ ಮಾಡುವುದು ಹೆಬ್ಬೆರಳಿನ ವಿದ್ಯೆ. ವೃಷಣದ ಚೂರಿಗೆ ಬಣ್ಣ ಹಾಕಿ, ಮೇಲೆ ತೆಳು ಗಾಜಿಟ್ಟು, ಹೆಬ್ಬೆರಳಲ್ಲಿ ಒತ್ತಬೇಕು. ಕಡಿಮೆ ಒತ್ತಿದರೆ ಎಲ್ಲಾ ಮುದ್ದೆ. ಜಾಸ್ತಿ ಒತ್ತಿದರೆ ಕೋಶಗಳು ಒಡೆದು ಒಬ್ಬರ ಸಂಸಾರ ಇನ್ನೊಬ್ಬರ ಮನೆಯೊಳಗೆ.

ಒಂದು ಮಧ್ಯಾಹ್ನ ಸರಿಯಾಗಿ ಒತ್ತಿದೆ ಅಂದುಕೊಂಡೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಇಪ್ಪತ್ನಾಲ್ಕು ಜೋಡಿ! ತಕ್ಷಣ ಮೇಡಂಗೆ ಫೋನು. ‘ಮೇಡಂ, ಪ್ರಪಂಚದಲ್ಲಿ ಯಾರೂ ಸಹಸ್ರಪದಿಯಲ್ಲಿ ಕಂಡಿರದ ಸಂಖ್ಯೆ!’

‘ತಗೊಂಡು ಬನ್ನಿ’ ಅಂದರು. ಅವರ ದನಿಯಲ್ಲಿ ಪ್ರಪಂಚಕ್ಕೆ ಸಂಬಂಧಿಸಿದ ಉತ್ಸಾಹವೇನೂ ಇರಲಿಲ್ಲ.

ಮೈಸೂರಿನಲ್ಲಿ ಮೇಡಂ ಒಂದೇ ಸಲ ಕಣ್ಣಿಟ್ಟು ತೆಗೆದರು. ‘ಎರಡು ಕೋಶ ಒಂದರ ಮೇಲೊಂದು ಬಿದ್ದಿವೆ. ಎರಡು ಮನೆ ಜನಾನ ಸೇರಿಸಿ ಒಂದೇ ಮನೆ ಅಂತ ಎಣಿಸಿದ್ದೀರಿ.’ ಮತ್ತೆ ಕಣ್ಣಿಟ್ಟರು. ಈ ಸಲ ಕಣ್ಣು ತೆಗೆಯಲೇ ಇಲ್ಲ.

‘ಏನ್ರೀ ಇದು, ಓಡಾಡ್ತಾ ಇದೆ?’

ದೇವರಾಣೆಗೂ ಅದು ನನ್ನ ಕೆಲಸವಲ್ಲ. ಸಹಸ್ರಪದಿಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಹುಳಗಳಿರುತ್ತವೆ. ಅದರಲ್ಲೊಂದು ನನ್ನ ಡಬ್ಬಿಯಿಂದ ಸ್ಲೈಡಿನ ಮೇಲೆ ಹತ್ತಿ ವಾಕಿಂಗ್ ಹೊರಟಿತ್ತು.

‘ವರ್ಣತಂತುಗೆ ಎಂಟು ಕಾಲು ಇರುತ್ತಾ?’

ಸುಮ್ಮನಿರಬೇಕಿತ್ತು. ‘ಸಹಸ್ರಪದಿಯದ್ದಲ್ವಾ ಮೇಡಂ, ಅಭ್ಯಾಸ ಬಲ’ ಅಂದೆ.

ಮೇಡಂ ಎದ್ದು ನಿಂತರು. ‘ಇನ್ನು ಮೇಲೆ ನೀವು ತರುವ ಯಾವ ಸ್ಲೈಡನ್ನೂ ನಂಬಲ್ಲ. ನಾನೇ ರಾಮನಗರಕ್ಕೆ ಬರ್ತೀನಿ. ಜೀವ ಇರುವ ಹುಳ ನನ್ನ ಕಣ್ಣೆದುರು ಹಿಡೀಬೇಕು, ನನ್ನ ಕಣ್ಣೆದುರು ಸ್ಲೈಡ್ ಮಾಡಬೇಕು. ನಾನು ಎಣಿಸಬೇಕು. ಇಲ್ಲದಿದ್ದರೆ ಸಹಿ ಇಲ್ಲ. ಈ ತಿಂಗಳ ಕೊನೆಗೆ ನನ್ನ ನಿವೃತ್ತಿ, ನೆನಪಿರಲಿ.’

ಆ ತಿಂಗಳು ಬಿಸಿಲೋ ಬಿಸಿಲು. ಸಹಸ್ರಪದಿ ಮಳೆ ಬೀಳದೆ ಹೊರಗೆ ಬರುವುದಿಲ್ಲ. ಗೌಡರ ಗೊಬ್ಬರದ ಗುಂಡಿಯೂ ಒಣಗಿಹೋಗಿತ್ತು. ಕಾಲೇಜಿನ ಸಹೋದ್ಯೋಗಿಗಳು ನನ್ನನ್ನು ಕಂಡಾಗಲೆಲ್ಲ ಮೀನಿನ ಬೆಲೆ ವಿಚಾರಿಸತೊಡಗಿದರು.

ಸಾವನದುರ್ಗದ ದಂಪತಿ

ತಿಂಗಳು ಮುಗಿಯುವುದಕ್ಕೆ ಮುಂಚಿನ ಕೊನೆಯ ಭಾನುವಾರ. ಹಿಂದಿನ ದಿನ ಮಾಗಡಿ ಕಡೆ ಒಂದು ಒಳ್ಳೆ ಮಳೆ ಹುಯ್ದಿತ್ತು. ಮೇಡಂ ಅವರನ್ನು ನನ್ನ ಹಳೇ ಕಾರಿನಲ್ಲಿ ಕೂರಿಸಿಕೊಂಡು ಸಾವನದುರ್ಗದ ಬುಡಕ್ಕೆ ಹೋದೆ. ಕಲ್ಲು ಎತ್ತಿ ನೋಡಿದೆವು, ಎಲೆ ಕೆದಕಿ ನೋಡಿದೆವು. ಸಿಕ್ಕಿದ್ದೆಲ್ಲ ಹೆಣ್ಣು. ಹತ್ತು ಗಂಟೆ ಬಿಸಿಲೇರಿದಾಗ ಮೇಡಂ ಬೆವರು ಒರೆಸಿಕೊಂಡು, ‘ಮೀನು ಅಂಥಾ ಕಷ್ಟವೇನಲ್ಲ ಬಿಡಿ’ ಎಂದರು. ನಾನು ಇನ್ನೊಂದು ಕಲ್ಲೆತ್ತಿದೆ.

ಅಷ್ಟರಲ್ಲಿ ದೇವಸ್ಥಾನದ ದಾರಿಯ ಪಕ್ಕ, ಒದ್ದೆ ಎಲೆಯ ಮೇಲೆ, ಒಂದಕ್ಕೊಂದು ಹೊಟ್ಟೆ ಹಚ್ಚಿ ಹೆಣೆದುಕೊಂಡ ಎರಡು ಸಹಸ್ರಪದಿ ಕಂಡವು. ಮಿಲನ! ಅಂದ ಮೇಲೆ ಎರಡರಲ್ಲಿ ಒಂದು ಗಂಡೇ. ಇಬ್ಬರೂ ನೆಲಕ್ಕೆ ಮಂಡಿಯೂರಿದೆವು. ನಾನು ಇಕ್ಕಳ ಚಾಚಿದೆ.

‘ಏಯ್! ಏನ್ಲಾ ಮಾಡ್ತಾ ಇದ್ದೀಯ?’

ಪೂಜೆಗೆ ಬಂದಿದ್ದ ಒಬ್ಬ ಅಜ್ಜಿ ಹಣ್ಣುಕಾಯಿ ಬುಟ್ಟಿ ಹಿಡಿದು ನಮ್ಮ ತಲೆಯ ಮೇಲೇ ನಿಂತಿದ್ದಳು.

‘ಹುಳ ಅಜ್ಜಿ, ತಗೊಂಡೋಗ್ಬೇಕು.’

‘ಕಣ್ಣು ಕಾಣಾಕಿಲ್ವಾ? ಗಂಡ ಹೆಂಡ್ರು ಸಂಸಾರ ಮಾಡ್ತಾವೆ. ಕಿತ್ತಾಕ್ಬುಟ್ರೆ ಆ ಪಾಪ ಯಾರಿಗೆ ಬತ್ತದೆ?’ ಅಜ್ಜಿ ಮೇಡಂ ಕಡೆ ತಿರುಗಿದಳು. ‘ನೀನಾದ್ರೂ ಹೆಣ್ಣೆಂಗಸು, ಒಸಿ ಬುದ್ಧಿ ಹೇಳ್ಬಾರ್ದಾ ಕಣವ್ವಾ ಇವುನ್ಗೆ?’

ಜನ ಸೇರಿದರು. ಅಜ್ಜಿ ಹೇಳಿದ್ದೇ ಸರಿ ಎಂದರು. ಒಬ್ಬ ಅಲ್ಲೇ ನಿಂತು, ಬರುವವರನ್ನೆಲ್ಲ ‘ಅತ್ಲಾಗಿಂದ ಹೋಗ್ರಪ್ಪಾ, ಇಲ್ಲಿ ಸಂಸಾರ ನಡೀತೈತೆ’ ಎಂದು ಬಳಸಿ ಕಳಿಸತೊಡಗಿದ. ಎರಡೂ ತಾವಾಗಿ ಬಿಡುವವರೆಗೆ ಮುಟ್ಟುವಂತಿಲ್ಲ ಎಂದು ತೀರ್ಮಾನವಾಯಿತು.

ಸಹಸ್ರಪದಿಗಳ ದಾಂಪತ್ಯ ಬೇಗ ಮುಗಿಯುವಂಥದ್ದಲ್ಲ. ಅಜ್ಜಿ ಒಳಗೆ ಹೋಗಿ ಪೂಜೆ ಮಾಡಿಸಿಕೊಂಡು ಬಂದಳು, ಪ್ರಸಾದ ಹಂಚಿದಳು, ಎಲೆಅಡಿಕೆ ಹಾಕಿಕೊಂಡಳು. ಅವು ಅಲ್ಲಾಡಲಿಲ್ಲ. ಮೇಡಂ ಬಂಡೆಯ ಮೇಲೆ ಛತ್ರಿ ಹಿಡಿದು ಕೂತು ವಾಚು ನೋಡಿಕೊಳ್ಳುತ್ತಿದ್ದರು. ಕೊನೆಗೊಮ್ಮೆ ಹೆಣೆದುಕೊಂಡಿದ್ದ ಕಾಲುಗಳು ಸಡಿಲವಾದವು. ನಾನು ಹಾರಿ, ಏಳನೇ ಉಂಗುರ ನೋಡಿ, ಗಂಡನ್ನು ಡಬ್ಬಿಗೆ ಹಾಕಿಕೊಂಡೆ.

ಅಜ್ಜಿ ಬಿಡಲಿಲ್ಲ. ‘ಅವುನ್ನ ಎತ್ಲಾಗೆ ಕರ್ಕೊಂಡೋಗ್ತೀರಿ?’

ನಿಜ ಹೇಳಿದರೆ, ಅಂದರೆ ಹೊಟ್ಟೆ ಸೀಳಿ, ಬಣ್ಣ ಹಾಕಿ, ಹೆಬ್ಬೆರಳಲ್ಲಿ ಅರೆಯುತ್ತೇವೆಂದರೆ, ಡಬ್ಬಿ ನಮ್ಮ ಕೈಯಲ್ಲಿ ಉಳಿಯುತ್ತಿರಲಿಲ್ಲ. ಇಷ್ಟು ವರ್ಷ ಬೇಡದ ಕಡೆಯೆಲ್ಲ ಸುಳ್ಳು ಹೇಳಿದ ನನ್ನ ನಾಲಿಗೆ, ಬೇಕಾದ ಹೊತ್ತಿಗೇ ಕೈಕೊಟ್ಟಿತು. ಬಂಡೆಯ ಕಡೆಯಿಂದ ಗಂಭೀರವಾದ ದನಿ ಕೇಳಿಸಿತು.

‘ರಾಮನಗರಕ್ಕೆ, ಅಜ್ಜಿ. ಅಲ್ಲಿ ಒಂದು ಕೆಲಸ ಸಿಕ್ಕಿದೆ.’

ನಾನು ತಿರುಗಿ ನೋಡಿದೆ. ಹೇಳಿದ್ದು ಮೇಡಂ.

‘ಹೆಂಡ್ರುನ್ನ ಬುಟ್ಟು ಒಬ್ನೇ ಹೋದಾನಾ?’

‘ಮೊದಲು ಅವನು ಹೋಗಿ ಒಂದು ಮನೆ ನೋಡ್ತಾನೆ. ಆಮೇಲೆ ಕರೆಸಿಕೊಳ್ತಾನೆ.’

‘ಬಾಡಿಗೆ ಜಾಸ್ತಿಯಂತೆ ಕಣವ್ವಾ ರಾಮನಗರದಲ್ಲಿ.’

‘ಇವರ ಮನೆಯಲ್ಲೇ ಒಂದು ರೂಮು ಖಾಲಿ ಇದೆ’ ಎಂದು ಮೇಡಂ ನನ್ನನ್ನು ತೋರಿಸಿದರು. ಅಜ್ಜಿಗೆ ಸಮಾಧಾನವಾಯಿತು. ಡಬ್ಬಿಯ ಮೇಲೆ ಕುಂಕುಮ ಇಟ್ಟು, ‘ಹೊತ್ತೊತ್ತಿಗೆ ಉಣ್ಣಪ್ಪಾ’ ಎಂದು ಹರಸಿ ಕಳಿಸಿದಳು.

ಲ್ಯಾಬಿನಲ್ಲಿ ಮೇಡಂ ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದಂತೆ ಸ್ಲೈಡ್ ಮಾಡಿದೆ. ಹೆಬ್ಬೆರಳು ಈ ಸಲ ಕಡಿಮೆಯೂ ಒತ್ತಲಿಲ್ಲ, ಜಾಸ್ತಿಯೂ ಒತ್ತಲಿಲ್ಲ. ಮೇಡಂ ಎಣಿಸಿದರು. ಎಷ್ಟೆಂದು ಬಿಟ್ಟುಕೊಡದೆ ನನಗೂ ಎಣಿಸಲು ಹೇಳಿದರು. ಕೋಶದ ನಡುವೆ ಅಚ್ಚುಕಟ್ಟಾಗಿ ಸಾಲು ನಿಂತ ಹನ್ನೆರಡು ಜೋಡಿ. ಅದರಲ್ಲೊಂದು ಜೋಡಿ ಮಾತ್ರ ಒಂದು ಉದ್ದ, ಒಂದು ಗಿಡ್ಡ.

‘ಹನ್ನೆರಡು’ ಅಂದೆ.

‘ಹನ್ನೆರಡೇ’ ಎಂದು ಮೇಡಂ ಪೆನ್ನು ತೆಗೆದು ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕುತ್ತ ಅವರು ದನಿ ತಗ್ಗಿಸಿದರು.

‘ರೀ, ಬೆಟ್ಟದ ಹತ್ರ ನಾನು ಅಜ್ಜಿಗೆ ಹೇಳಿದ್ದು… ಎಲ್ಲೂ ಬಾಯಿ ಬಿಡಬೇಡಿ.’

‘ಮೇಡಂ, ನೀವು ಸುಳ್ಳು ಹೇಳಿದ್ರಿ ಅಂತ ನಾನು ಹೇಳಿದರೆ ಈ ಜಿಲ್ಲೆಯಲ್ಲಿ ಯಾರಾದರೂ ನಂಬ್ತಾರಾ?’

ಮೇಡಂ ಚೀಲ ಹೆಗಲಿಗೇರಿಸಿ ಬಾಗಿಲ ತನಕ ಹೋಗಿ ತಿರುಗಿದರು. ನಾನು ಅವರ ಮುಖದಲ್ಲಿ ನಗು ಕಂಡದ್ದು ಅವತ್ತೇ ಮೊದಲು.

‘ಅದಕ್ಕೇ ರೀ, ನಿಮ್ಮೆದುರಿಗೆ ಧೈರ್ಯವಾಗಿ ಹೇಳಿದ್ದು.’