ಸರ್ವೋತ್ತಮನ ಎರಡೂವರೆ ಕಿಲೋಮೀಟರ್

ಆ ಮಾತನ್ನು ಸರ್ವೋತ್ತಮ ಆಡಬೇಕಾಗಿಯೇ ಇರಲಿಲ್ಲ. ಭಾವ ಜಯಪಾಲ ಕಾರಿನ ಕೀಲಿ ಕೈಗೆತ್ತಿಕೊಂಡಾಗಿತ್ತು. ಹೆಂಡತಿ ವಾರಿಜಾಕ್ಷಿ ಆಲ್ಬಮ್ಮು, ದುರ್ಬೀನು, ಬುಕಿಂಗ್ ಫಾರಮ್ಮುಗಳನ್ನು ಚೀಲಕ್ಕೆ ತುಂಬಿಸಿ ಮುಂದಿನ ಸೀಟಿನಲ್ಲಿ ಕೂತೂ ಆಗಿತ್ತು. ಸುಮ್ಮನೆ ಹಿಂದಿನ ಸೀಟಿಗೆ ಹತ್ತಿದ್ದರೆ ಐದು ನಿಮಿಷದಲ್ಲಿ ಮೊಯ್ದಿನಬ್ಬ ಹಾಜಿಯವರ ವಿಲ್ಲಾ ತಲುಪುತ್ತಿದ್ದ. ಆದರೆ ಸರ್ವೋತ್ತಮ ಕನ್ನಡಿಯಲ್ಲಿ ತನ್ನ ಖಾಕಿ ಉಡುಪನ್ನೊಮ್ಮೆ ನೋಡಿಕೊಂಡು ಹೇಳಿಬಿಟ್ಟ:

"ನೀವು ಹೋಗಿ. ನಡಿಗೆಯ ಸಫಾರಿ ಮಾಡಿಸುವವನು ಕಾರಿನಲ್ಲಿ ಹೋಗಿ ಇಳಿದ್ರೆ ಚಂದವಾ? ನಾನು ನಡೆದೇ ಬರ್ತೇನೆ. ಮೊದಲೇ ಯಾರಿಗೂ ಹೇಳ್ಬೇಡ ವಾರಿಜಾ. ನಾನು ಗೇಟಿನಲ್ಲಿ ಕಾಣಿಸಿಕೊಂಡಾಗ ಅವರಿಗೇ ಗೊತ್ತಾಗ್ಲಿ."

"ಭಾವ, ಇದು ಅಬುಧಾಬಿಯ ಎಂಬಿಝೆಡ್ ಸಿಟಿ," ಎಂದ ಜಯಪಾಲ. "ಇಲ್ಲಿ ಮೊಸರು ತರ್ಲಿಕ್ಕೂ ಕಾರಲ್ಲೇ ಹೋಗುದು. ನಡೆಯುವವರು ಯಾರೂ ಇಲ್ಲ."

"ಎರಡೂವರೆ ಕಿಲೋಮೀಟರ್ ಭಾವ! ಸಿಂಹದ ಮುಂದೆ ನಡೆದವ ನಾನು."

ಇದು ಮಾತ್ರ ಸುಳ್ಳಲ್ಲ. ಹೋಟೆಲ್ ಕೆಲಸಕ್ಕೆಂದು ಜಾಂಬಿಯಾಕ್ಕೆ ಹೋಗಿದ್ದ ಸರ್ವೋತ್ತಮ ಅಲ್ಲಿನ ಕಾಡಿಗೆ ಮರುಳಾಗಿ, ಲುವಾಂಗ್ವಾ ನದಿಯ ದಂಡೆಯಲ್ಲಿ ಆರು ಡೇರೆ ಹಾಕಿ ಕೂತು ಎಂಟು ವರ್ಷವಾಗಿತ್ತು. ಕೋವಿ ಹಿಡಿದ ಕಾವಲುಗಾರ ಮುಂದೆ, ಅತಿಥಿಗಳು ನಡುವೆ, ಹೆಜ್ಜೆ ಗುರುತು ತೋರಿಸಿ ಕತೆ ಹೇಳುವ ಸರ್ವೋತ್ತಮ ಅವರ ಜೊತೆಯಲ್ಲಿ. ಹಿಂದಿರುಗಿ ಬಂದರೆ ಮರದಡಿಯಲ್ಲಿ ವಾರಿಜಾಕ್ಷಿಯ ನೀರುದೋಸೆ. ಗಂಡ ಹೆಂಡಿರಿಬ್ಬರಿಗೂ ಅದೇ ಸ್ವರ್ಗ. ಆದರೆ ಕಳೆದ ವರ್ಷ ಆಫ್ರಿಕಾದ ಇನ್ನೊಂದು ತುದಿಯಲ್ಲಿ ಎದ್ದ ಜ್ವರಕ್ಕೆ ಹೆದರಿ ಬಿಳಿಯರೆಲ್ಲ ಇತ್ತ ತಲೆ ಹಾಕುವುದನ್ನೇ ಬಿಟ್ಟಿದ್ದರು. ಸಾವಿರಾರು ಮೈಲಿ ಆಚೆಯ ಜ್ವರ ಎಂದರೆ ಕೇಳುವವರಾರು? ಡೇರೆಗಳಲ್ಲಿ ಮಂಗಗಳು ಸಂಸಾರ ಹೂಡಿದ್ದವು.

ಆಗ ಜಯಪಾಲನೇ ದಾರಿ ತೋರಿಸಿದ್ದ. ಜುಲೈ ರಜೆಗೆ ಊರಿಗೆ ಹೋಗುವ ಬದಲು ಬೇರೆ ಕಡೆ ಹೋಗಬೇಕೆನ್ನುವ ಹತ್ತು ಕುಟುಂಬಗಳಿವೆ, ಮೊಯ್ದಿನಬ್ಬ ಹಾಜಿಯವರ ಮನೆಯಲ್ಲಿ ಎಲ್ಲರನ್ನೂ ಸೇರಿಸುತ್ತೇನೆ, ಬಂದು ಮಾತಾಡಿ ಎಂದಿದ್ದ. ಒಪ್ಪಿದರೆ ಕ್ಯಾಂಪು ಉಳಿಯಿತು. ಒಪ್ಪದಿದ್ದರೆ ಡೇರೆ ಮಡಚಿ ಅಬುಧಾಬಿಗೆ ಬರಬೇಕು. ಜಯಪಾಲನ ಸೂಪರ್‌ಮಾರ್ಕೆಟ್ಟಿನಲ್ಲಿ ತರಕಾರಿ ವಿಭಾಗಕ್ಕೆ ಒಬ್ಬ ಮೇಲ್ವಿಚಾರಕ ಬೇಕಾಗಿದ್ದ. ಬೆಂಡೆಕಾಯಿಯ ತುದಿ ಮುರಿದು ನೋಡುವ ಹೆಂಗಸರನ್ನು ದಿನವಿಡೀ ತಡೆಯುವ ಕೆಲಸ. ಅದನ್ನು ನೆನೆದರೇ ಸರ್ವೋತ್ತಮನಿಗೆ ಎಸಿಯ ಚಳಿ ಬೆನ್ನಿಗೆ ಹತ್ತುತ್ತಿತ್ತು.

ಹೀಗೆ ಏಪ್ರಿಲ್ ತಿಂಗಳ ಆ ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ, ತಲೆಗೆ ಬಿಸಿಲಿಗೆ ಬಣ್ಣ ಮಾಸಿದ ಟೋಪಿ, ಬೆನ್ನಿಗೆ ಹಳೆಯ ಚೀಲ, ಕೈಯಲ್ಲಿ ಕೋಲು ಹಿಡಿದು ಅವನು ಹೊರಟ. ಫೋನು ಇತ್ತು, ಆದರೆ ಜಾಂಬಿಯಾದ ಸಿಮ್ಮು ಇಲ್ಲಿ ಬಾಯಿ ಬಿಡುತ್ತಿರಲಿಲ್ಲ.

ಇನ್ನೂರು ಹೆಜ್ಜೆ ನಡೆದಿರಲಿಲ್ಲ, ಬಿಳಿ ಕಾರೊಂದು ಪಕ್ಕಕ್ಕೆ ಬಂದು ನಿಂತಿತು. ಕಿಟಕಿ ಇಳಿಸಿದವನು ಮಂಗಳೂರಿನ ಕಾನ್ರಾಡ್. ಟೋಪಿಯ ಕೆಳಗಿನ ಮುಖ ನೋಡಿಯೇ ಊರಿನವನೆಂದು ಗುರುತಿಸಿದ.

"ಎಂತ ಮಾರಾಯ್ರೆ, ಗಾಡಿ ಹಾಳಾಯ್ತಾ?"

"ಇಲ್ಲ. ನಡೀತಾ ಇದ್ದೇನೆ."

"ಅದು ಕಾಣ್ತದೆ. ಯಾಕೆ?"

ಕಾಡಿನಲ್ಲಿ ಯಾವ ಪ್ರಾಣಿಯೂ ಸರ್ವೋತ್ತಮನನ್ನು ಹಾಗೆ ಕೇಳಿರಲಿಲ್ಲ. "ನಡೆಯುವುದೇ ನನ್ನ ಕೆಲಸ," ಎಂದ.

ಕಾನ್ರಾಡನ ಮುಖ ಸಣ್ಣಗಾಯಿತು. "ಮನೆಯಲ್ಲಿ ಜಗಳವಾ? ಹೇಳಿ ಪರ್ವಾಗಿಲ್ಲ, ನಂಗೂ ಮದುವೆ ಆಗಿದೆ. ಹತ್ತಿ, ಬಿಡ್ತೇನೆ."

"ಬೇಡಪ್ಪ. ಸಿಂಹಗಳ ಮಧ್ಯೆ ನಡೆದವ ನಾನು. ಇದೇನು ಮಹಾ?"

ಸಿಂಹ ಎಂಬ ಮಾತು ಕೇಳಿದ್ದೇ ತಡ, ಕಾನ್ರಾಡನಿಗೆ ಎಲ್ಲ ಅರ್ಥವಾಯಿತು. ಬಿಸಿಲು ತಲೆಗೆ ಹತ್ತಿದೆ! ಅವನು ಎರಡೂ ಕಡೆಯ ದೀಪ ಮಿಣಮಿಣ ಹಾಕಿಕೊಂಡು, ಮದುವೆ ದಿಬ್ಬಣದ ಗಾಡಿಯ ಹಾಗೆ ಸರ್ವೋತ್ತಮನ ಹಿಂದೆ ಹಿಂದೆಯೇ ಬರತೊಡಗಿದ. ಬರುತ್ತ ಬರುತ್ತಲೇ ಫೋನೆತ್ತಿ ಊರಿನವರ ಗುಂಪಿಗೆ ದನಿಯಲ್ಲೇ ಸಂದೇಶ ಕಳಿಸಿದ: "ನಮ್ಮವರೊಬ್ರು ಮಾಸಿದ ಬಟ್ಟೆಯಲ್ಲಿ, ಒಂದು ಗಂಟು, ಒಂದು ಕೋಲು ಹಿಡ್ಕೊಂಡು ಬಿಸಿಲಲ್ಲಿ ನಡೀತಿದ್ದಾರೆ. ಕಾರು ಬೇಡ ಅಂತಾರೆ. ಸಿಂಹ ಸಿಂಹ ಅಂತಾರೆ. ಯಾವುದೋ ಕಂಪೆನಿಯವರು ಸಂಬಳ ಕೊಡದೆ ಓಡಿಸಿರ್ಬೇಕು. ಹತ್ತಿರ ಇದ್ದವರು ಬೇಗ ಬನ್ನಿ."

ಗಲ್ಫಿನಲ್ಲಿ ನಮ್ಮವರಿಗೆ ಒಂದು ದೊಡ್ಡ ಗುಣವಿದೆ. ಕಷ್ಟದಲ್ಲಿರುವ ಊರಿನವನೊಬ್ಬ ಸಿಕ್ಕಿದರೆ ಅವನನ್ನು ಕಷ್ಟದಿಂದ ಪಾರು ಮಾಡದೆ ಬಿಡುವುದಿಲ್ಲ. ಅವನಿಗೆ ಕಷ್ಟ ಇಲ್ಲದಿದ್ದರೂ ಬಿಡುವುದಿಲ್ಲ.

ಮೊದಲು ಬಂದವಳು ಭವ್ಯಶ್ರೀ. ದೊಡ್ಡ ಕಾರನ್ನು ಅಡ್ಡ ನಿಲ್ಲಿಸಿ ಎರಡು ಬಾಟಲಿ ನೀರು, ಒಂದು ಮಜ್ಜಿಗೆ, ಆರು ಬಾಳೆಹಣ್ಣು ಅವನ ಕೈಗೆ ತುರುಕಿದಳು. ಹಿಂದಿನ ಸೀಟಿನಿಂದ ಅವಳ ಮಗಳು, "ಮಮ್ಮೀ, ಈಸ್ ಹೀ ಹೋಮ್‌ಲೆಸ್?" ಎಂದಳು. "ಹಾಗೆಲ್ಲ ಕೇಳ್ಬಾರ್ದು ತೃಷಾ, ಅಂಕಲ್‌ಗೆ ಬೇಜಾರಾಗ್ತದೆ," ಎಂದಳು ತಾಯಿ. ಅಂಕಲ್‌ಗೆ ಆಗಲೇ ಬೇಜಾರಾಗಿತ್ತು.

ಎರಡನೆಯವನು ತಮೀಮ್. ಅವನಿಗೆ ಮಾತಿನಲ್ಲಿ ನಂಬಿಕೆಯಿಲ್ಲ. ಇಳಿದವನೇ ಸರ್ವೋತ್ತಮನ ತೋಳು ಹಿಡಿದು, ಕಾರಿನೊಳಗೆ ಕೂರಿಸಿ, ಬೆಲ್ಟನ್ನೂ ತಾನೇ ಬಿಗಿದ.

"ಪಾಸ್‌ಪೋರ್ಟ್ ಕಂಪೆನಿಯವರ ಹತ್ರ ಉಂಟಾ? ಹೆದರ್ಬೇಡಿ. ಖಲೀಫಾ ಸಿಟಿಯಲ್ಲಿ ನಮ್ಮ ಸಂಘದ ಕಾರ್ಯದರ್ಶಿ ಇದ್ದಾರೆ. ಊಟ, ಡಾಕ್ಟ್ರು, ಊರಿಗೆ ಟಿಕೆಟು, ಎಲ್ಲ ಅವರೇ ನೋಡ್ಕೊಳ್ತಾರೆ."

"ಅಯ್ಯೋ, ನಾನು ಮೊಯ್ದಿನಬ್ಬ ಹಾಜಿಯವರ ಮನೆಗೆ ಹೋಗ್ಬೇಕು!"

"ಇವತ್ತು ಅಲ್ಲಿ ಆಗುದಿಲ್ಲಣ್ಣ. ಆಫ್ರಿಕಾದಿಂದ ಯಾರೋ ದೊಡ್ಡ ಟೂರಿನವರು ಬರ್ತಾರಂತೆ. ಅವರ ಎದುರು ನಿಮ್ಮನ್ನು ಈ ಅವಸ್ಥೆಯಲ್ಲಿ ಕರ್ಕೊಂಡು ಹೋದ್ರೆ ಹಾಜಿಯವರ ಮರ್ಯಾದೆ ಎಂತ ಆಗ್ಬೇಕು?"

"ಆ ಟೂರಿನವನು ನಾನೇ!"

ತಮೀಮ್ ಅವನನ್ನು ಟೋಪಿಯಿಂದ ಬೂಟಿನವರೆಗೆ ನೋಡಿದ. ಬಳಿಕ ಜ್ವರದ ಮಗುವನ್ನು ರಮಿಸುವ ದನಿಯಲ್ಲಿ, "ಆಯ್ತು ಆಯ್ತು, ನೀವೇ. ಮಜ್ಜಿಗೆ ಕುಡೀರಿ," ಎಂದ.

ಪೆಟ್ರೋಲು ಹಾಕಿಸಲು ತಮೀಮ್ ಕಾರು ನಿಲ್ಲಿಸಿದ್ದೇ ಸರ್ವೋತ್ತಮನ ಪುಣ್ಯ. ಬೆಲ್ಟು ಬಿಚ್ಚಿ, ಬಾಗಿಲು ತೆರೆದು, ಬಂಕಿನ ಹಿಂದೆ ಓಡಿದ. ಈಗ ಹಾಜಿಯವರ ಮನೆ ಎರಡೂವರೆಯಲ್ಲ, ನಾಲ್ಕು ಕಿಲೋಮೀಟರ್ ದೂರದಲ್ಲಿತ್ತು. ಗಂಟೆ ಹತ್ತಾಗಿತ್ತು. ಹೊಟ್ಟೆಯಲ್ಲಿ ಮಜ್ಜಿಗೆ ಕುಲುಕುತ್ತಿತ್ತು. ಮುಖ್ಯ ರಸ್ತೆಯಲ್ಲಿ ಕಣ್ಣು ಹಾಯಿಸಿದರೆ, ಅಲ್ಲೊಂದು ಇಲ್ಲೊಂದು ಕಾರು ನಿಧಾನವಾಗಿ, ಏನನ್ನೋ ಹುಡುಕುತ್ತ ತಿರುಗಾಡುತ್ತಿತ್ತು.

ಆಗ ಅವನೊಳಗಿನ ಕಾಡಿನ ಮನುಷ್ಯ ಎಚ್ಚರಗೊಂಡ. ಮರಿಯಿರುವ ಹೆಣ್ಣಾನೆ ಕಂಡರೆ ಏನು ಮಾಡಬೇಕು? ಬಯಲಿಗೆ ಬರಬಾರದು, ಅವಸರ ಮಾಡಬಾರದು, ಮರೆಯಿಂದ ಮರೆಗೆ ಸಾಗಬೇಕು. ಊರಿನವರಿಗೂ ಅದೇ ಸೂತ್ರ ಸಾಕೆನಿಸಿತು. ಅವನು ರಸ್ತೆ ಬಿಟ್ಟು ವಿಲ್ಲಾಗಳ ಹಿಂದಿನ ಓಣಿಗಳಿಗೆ ಇಳಿದ. ಕಸದ ಡಬ್ಬಿಗಳ ಹಿಂದೆ ಕುಕ್ಕರಗಾಲಿನಲ್ಲಿ ಕೂತ. ಎಸಿ ಯಂತ್ರಗಳ ನೀರು ತೊಟ್ಟಿಕ್ಕುವ ಗೋಡೆಗೆ ಮೈ ಒತ್ತಿಕೊಂಡು ನಡೆದ. ಒಮ್ಮೆ ಕಾನ್ರಾಡ್ ಕೈಯಳತೆಯಲ್ಲೇ ಹಾದುಹೋದರೂ ಇವನು ಬೇವಿನ ಮರದ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದ. ಎಂಟು ವರ್ಷ ಕಲಿತ ವಿದ್ಯೆ ಒಂದಿಷ್ಟೂ ಕೈಕೊಡಲಿಲ್ಲ. ಹನ್ನೊಂದೂಕಾಲಿಗೆ, ಮೈಯೆಲ್ಲ ಧೂಳು, ಮೊಣಕಾಲಿಗೊಂದು ತರಚುಗಾಯ ಹೊತ್ತು, ಯಾರ ಕೈಗೂ ಸಿಗದೆ, ನಡೆದೇ ಹಾಜಿಯವರ ಗೇಟು ತಲುಪಿದ.

ಒಳಗೆ ಯಾರೂ ಇರಲಿಲ್ಲ. ಅತಿಥಿಗಳನ್ನು ಕೂರಿಸುವ ದೊಡ್ಡ ಮಜ್ಲಿಸ್ ಕೋಣೆಯಲ್ಲಿ ಅರ್ಧ ಕುಡಿದ ಚಹಾದ ಲೋಟಗಳು, ಅರ್ಧ ತಿಂದ ಸಮೋಸಗಳು. ಒಂದು ಮೂಲೆಯಲ್ಲಿ ಹಾಜಿಯವರ ತಾಯಿ ಆಸ್ಯಮ್ಮ ಮಾತ್ರ ಜಪಮಣಿ ಎಣಿಸುತ್ತ ಕೂತಿದ್ದರು.

"ನಾನು ಸಫಾರಿಯವನು ಅಮ್ಮ," ಎಂದ ಸರ್ವೋತ್ತಮ. "ಎಲ್ಲರೂ ಎಲ್ಲಿ?"

"ಬಾ ಮೋನೆ, ಕೂತ್ಕೋ. ಯಾವನೋ ಪಾಪದವನು ಬಿಸಿಲಲ್ಲಿ ದಾರಿ ತಪ್ಪಿ ತಿರುಗ್ತಿದ್ದಾನಂತೆ. ತಲೆ ಸರಿ ಇಲ್ಲವಂತೆ. ಹುಡುಕ್ಲಿಕ್ಕೆ ಎಲ್ಲ ಹೋಗಿದ್ದಾರೆ, ಹೆಂಗಸರು ಮಕ್ಕಳು ಸಮೇತ. ನಿನಗೆ ದಾರಿಯಲ್ಲಿ ಕಂಡ್ನಾ?"

"ಇಲ್ಲಮ್ಮ," ಎಂದ ಸರ್ವೋತ್ತಮ ತಲೆ ತಗ್ಗಿಸಿ.

"ಪಾಪ, ಹೆಂಡ್ತಿ ಮಕ್ಕಳು ಇದ್ದಾರೋ ಏನೋ. ನಿನ್ನ ಹೆಂಡ್ತಿ ಮಾತ್ರ ಬಹಳ ಹುಷಾರಿ. ನೋಡು, ಹತ್ತು ಮನೆಯವರ ಹತ್ರವೂ ಸೈನ್ ಹಾಕ್ಸಿದ್ದಾಳೆ."

ಟೀಪಾಯಿಯ ಮೇಲೆ ಹತ್ತು ಫಾರಮ್ಮುಗಳು. ಹತ್ತಕ್ಕೆ ಹತ್ತೂ ಸಹಿಯಾಗಿದ್ದವು! ಸರ್ವೋತ್ತಮ ಅವನ್ನು ಎರಡು ಸಲ ತಿರುವಿ ನೋಡಿದ. ಕಣ್ಣು ತುಂಬಿ ಬಂತು. ಕ್ಯಾಂಪು ಉಳಿಯಿತು. ನದಿ ಉಳಿಯಿತು. ಬೆಂಡೆಕಾಯಿಯನ್ನು ಇನ್ನು ಯಾರು ಬೇಕಾದರೂ ಮುರಿದುಕೊಳ್ಳಲಿ. ಅವನು ಆನಂದದಿಂದ ಒಂದು ತಣ್ಣನೆಯ ಸಮೋಸ ಬಾಯಿಗಿಟ್ಟ.

ಅಷ್ಟರಲ್ಲಿ ಹುಡುಕಲು ಹೋದವರ ಸೈನ್ಯ ಹಿಂದಿರುಗಿತು. ಮುವ್ವತ್ತು ಜನರೂ ಬೆವರಿ ಕೆಂಪಾಗಿದ್ದರು. ಕಾನ್ರಾಡ್ ಒಳಗೆ ಕಾಲಿಟ್ಟವನೇ, "ಇವರೇ! ಇವರೇ ಅದು!" ಎಂದು ಕೂಗಿದ. ಹಿಂದಿನಿಂದ ವಾರಿಜಾಕ್ಷಿ ನುಗ್ಗಿ ಬಂದಳು.

"ನಾನು ಆಗ್ಲೇ ಹೇಳ್ಲಿಲ್ವಾ? ಅದು ನನ್ನ ಗಂಡನೇ ಅಂತ ಮೂರು ಸಲ ಹೇಳಿದೆ. ಯಾರು ಕೇಳ್ತಾರೆ? 'ಟೂರ್ ಕಂಪೆನಿಯ ಓನರ್ ಯಾಕೆ ನಡೀತಾರೆ ತಂಗಿ' ಅಂತ ನನಗೇ ಕೇಳಿದ್ರು!"

ಮೊಯ್ದಿನಬ್ಬ ಹಾಜಿಯವರೇ ಮೊದಲು ನಕ್ಕರು. ಉಳಿದವರೂ ಸೋಫಾಗಳಿಗೆ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಿಟ್ಟಾಗುತ್ತಾರೆಂದು ಹೆದರಿದ್ದ ಸರ್ವೋತ್ತಮನ ಜೀವ ತಣ್ಣಗಾಯಿತು.

"ಅಲ್ಲ ಸರ್ವೋತ್ತಮಣ್ಣ," ಎಂದರು ಹಾಜಿಯವರು ಬೆವರು ಒರೆಸಿಕೊಳ್ಳುತ್ತ, "ನಿಮ್ಮಿಂದಾಗಿ ಇವತ್ತು ನಾವೂ ನಡೆದೆವು ಮಾರಾಯ್ರೆ! ಓಣಿಯೊಳಗೆ ಕಾರು ಹೋಗುದಿಲ್ಲ, ಮತ್ತೆಂತ ಮಾಡುದು? ಪೂರಾ ಒಂದು ಗಂಟೆ. ಹನ್ನೆರಡು ವರ್ಷದಿಂದ ಇಲ್ಲಿದ್ದೇನೆ, ಹಿಂದಿನ ಓಣಿಯಲ್ಲಿ ಅಷ್ಟು ಬೇವಿನ ಮರ ಉಂಟಂತ ಗೊತ್ತೇ ಇರ್ಲಿಲ್ಲ."

"ನಮ್ಮ ಹಿಂದಿನ ವಿಲ್ಲಾದವರು ಬೆಳ್ತಂಗಡಿಯವರಂತೆ," ಎಂದಳು ಭವ್ಯಶ್ರೀ. "ಇವತ್ತು ಗೊತ್ತಾಯ್ತು! ನಾಳೆ ಊಟಕ್ಕೆ ಕರ್ದಿದ್ದಾರೆ."

"ನನ್ನ ಮಂಡಿನೋವು ಎಲ್ಲಿ ಹೋಯ್ತೋ," ಎಂದ ಕಾನ್ರಾಡ್.

ಸರ್ವೋತ್ತಮನ ಎದೆ ಉಬ್ಬಿತು. ಎಂಟು ವರ್ಷ ಜಗತ್ತಿಗೆ ಕೂಗಿ ಹೇಳಿದ್ದನ್ನು ತನ್ನ ಜನ ಒಂದೇ ಬೆಳಗಿನಲ್ಲಿ ಕಂಡುಕೊಂಡಿದ್ದಾರೆ! ಹೀಗಿರುವಾಗ ಸುಮ್ಮನಿರುವುದು ಹೇಗೆ? ಅವನು ಎದ್ದು ನಿಂತು ಭಾಷಣಕ್ಕೇ ತೊಡಗಿದ.

"ನೋಡಿದ್ರಾ? ನಡಿಗೆಯ ರುಚಿ ಅಂದ್ರೆ ಇದೇ. ಸಿಂಹ, ಆನೆ ಎಲ್ಲ ಆಮೇಲಿನ ಮಾತು. ನೋಡುವ ಕಣ್ಣು, ನಡೆಯುವ ಕಾಲು ಇದ್ದವನಿಗೆ..." ವಾರಿಜಾಕ್ಷಿ ಮೆಲ್ಲಗೆ ಬಂದು ಅವನ ಬೂಟನ್ನು ತುಳಿದಳು. ಬೂಟು ದಪ್ಪಗಿತ್ತು, ಅವನಿಗೆ ತಿಳಿಯಲಿಲ್ಲ. "ನಡೆಯುವವನಿಗೆ ಮನೆಯ ಹಿತ್ತಿಲೇ ಕಾಡು! ಅದಕ್ಕೆ ಆಫ್ರಿಕಾವೇ ಆಗ್ಬೇಕು ಅಂತ ಇಲ್ಲ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಹಾಜಿಯವರಂತೂ ಎದ್ದು ಬಂದು ಅವನ ಕೈ ಕುಲುಕಿದರು.

"ನಮ್ಮ ಮನಸ್ಸಿನಲ್ಲಿದ್ದದ್ದನ್ನೇ ಹೇಳಿದ್ರಿ. ಹೇಗೆ ಹೇಳುದಪ್ಪ, ನಿಮಗೆ ಬೇಜಾರಾದ್ರೆ ಅಂತ ದಾರಿಯುದ್ದಕ್ಕೂ ಮಾತಾಡ್ಕೊಂಡು ಬಂದೆವು. ನಡೀಲಿಕ್ಕೆ ಅಷ್ಟು ದೂರ ಯಾಕೆ? ಇಲ್ಲೇ ಪ್ರತಿ ಶುಕ್ರವಾರ ನಡೆಯುವ ಅಂತ ತೀರ್ಮಾನ ಆಯ್ತು."

ಸರ್ವೋತ್ತಮ ಸೋಫಾದ ತುದಿಗೆ ಕೂತ. "ಅಂದ್ರೆ... ಜುಲೈ ರಜೆಗೆ?"

"ರಜೆಗೆ ಎಲ್ಲರೂ ಊರಿಗೆ ಹೋಗ್ತೇವೆ. ಆಫ್ರಿಕಾ ಖಲಾಸ್. ಆದ್ರೆ ನೀವು ಮಾತ್ರ ಇಲ್ಲೇ ಇರ್ಬೇಕು. ನಮ್ಮ ನಡಿಗೆ ಸಂಘಕ್ಕೆ ನೀವೇ ಲೀಡರ್. ಇಲ್ಲ ಅನ್ನುವ ಹಾಗೇ ಇಲ್ಲ."

ಭವ್ಯಶ್ರೀ ಆಗಲೇ ಟೀಪಾಯಿಯ ಮೇಲಿನ ಫಾರಮ್ಮುಗಳನ್ನು ಮಗುಚಿ, ಖಾಲಿ ಬೆನ್ನಿನ ಮೇಲೆ ಸಂಘದ ಸದಸ್ಯರ ಹೆಸರು ಬರೆಯಲು ಶುರು ಮಾಡಿದ್ದಳು. ತಮೀಮ್ ಬಾಗಿಲಲ್ಲಿ ನಿಂತು ಬೂಟಿಗೆ ಕಾಲು ತೂರಿಸುತ್ತ, "ಮುಂದಿನ ವಾರ ಎಲ್ಲಿಗೆ ನಡೆಯುದು ಸರ್ವೋತ್ತಮಣ್ಣ? ಪಾರ್ಕಿಂಗ್ ಇರುವ ಜಾಗ ಆಗ್ಲಿ," ಎಂದ.

ವಾರಿಜಾಕ್ಷಿ ಗಂಡನ ಪಕ್ಕಕ್ಕೆ ಬಂದು ಕೂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳು ಇತ್ತು. "ನಾನು ಅವರಿಗೆ ಎಂತ ಹೇಳಿ ಸೈನ್ ಹಾಕ್ಸಿದ್ದು ಗೊತ್ತುಂಟಾ? ಅಲ್ಲಿ ಜಾಸ್ತಿ ನಡೀಲಿಕ್ಕೆ ಇಲ್ಲ, ಮರದಡಿ ಕೂತು ತಿನ್ನುದೇ ಹೆಚ್ಚು ಅಂತ."

ಜುಮಾ ನಮಾಜಿನ ಹೊತ್ತಾಯಿತೆಂದು ಮನೆ ಖಾಲಿಯಾಗತೊಡಗಿತು. ಬೆಳಿಗ್ಗೆ ವಾರಿಜಾಕ್ಷಿಯನ್ನು ಇಲ್ಲಿಳಿಸಿ ಅಂಗಡಿಗೆ ಹೋಗಿ, ಅಲ್ಲಿಂದ ನೇರ ಬಂದ ಜಯಪಾಲನನ್ನು ಹಾಜಿಯವರು ಗೇಟಿನಲ್ಲೇ ತಡೆದು ಎಲ್ಲ ಸುದ್ದಿ ಹೇಳಿದ್ದರು. ಅವನು ಒಳಗೆ ಬಂದು, ಧೂಳು ಮೆತ್ತಿದ ಸರ್ವೋತ್ತಮನ ಬೆನ್ನ ಮೇಲೆ ಮೆಲ್ಲಗೆ ಕೈಯಿಟ್ಟ.

"ಬೇಸರ ಮಾಡ್ಬೇಡಿ ಭಾವ. ಭಾನುವಾರ ಬೆಳಿಗ್ಗೆ ಆರೂವರೆಗೆ ತರಕಾರಿ ಲಾರಿ ಬರ್ತದೆ. ಒಟ್ಟಿಗೇ ಹೋಗುವ. ಕಾರಲ್ಲಿ."