ನೆರವು ತಲುಪಿದ ಗಂಭೀರ ಲೋಪ

ರಾಜ್ಯವ್ಯಾಪಿ ಆರೋಗ್ಯ ಮತ್ತು ಮಾನವ ಸೇವಾ ಮಾರ್ಗದರ್ಶನ ಸಹಾಯವಾಣಿಯು ಪುಣೆಯ ಖರಾಡಿಯಲ್ಲಿ ಆರಂಭವಾಗಿ ಏಳು ತಿಂಗಳಾಯಿತು. ಈ ಅವಧಿಯಲ್ಲಿ ಅದು ಒಬ್ಬರಿಗೂ ತಪ್ಪು ಮಾಹಿತಿ ಕೊಟ್ಟಿಲ್ಲ. ಯಾವ ಮಾಹಿತಿಯನ್ನೂ ಕೊಡದಿದ್ದುದರಿಂದ ಈ ಸಾಧನೆ ಅಷ್ಟೇನೂ ಕಷ್ಟವಾಗಲಿಲ್ಲ.

ನಿಯಮ ಸರಳವಾಗಿದೆ. ಕರೆ ಮಾಡಿದವರಿಗೆ ಮಾನ್ಯತೆ ಪಡೆದ ಸಂಸ್ಥೆಗಳ ಹೆಸರನ್ನಷ್ಟೇ ಹೇಳತಕ್ಕದ್ದು. ಮಾನ್ಯತೆ ಬೇಕಾದ ಸಂಸ್ಥೆಯು, ಸಹಾಯವಾಣಿಯೇ ತನ್ನಲ್ಲಿಗೆ ಹತ್ತು ಜನರನ್ನು ಕಳಿಸಿದ್ದಕ್ಕೆ ಪುರಾವೆ ಸಲ್ಲಿಸತಕ್ಕದ್ದು. ಹೀಗಾಗಿ ಪಟ್ಟಿ ಖಾಲಿಯಿದೆ, ಆದರೆ ಬಹಳ ಅಚ್ಚುಕಟ್ಟಾಗಿದೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ತುರ್ತು ಕಷ್ಟಗಳನ್ನು ಸ್ವೀಕರಿಸಲಾಗುವುದಿಲ್ಲವೆಂದು ಧ್ವನಿಮುದ್ರಿಕೆಯೊಂದು ವಿನಯದಿಂದ ತಿಳಿಸುತ್ತದೆ.

ಕನ್ನಡದ ಕರೆಗಳನ್ನು ನೋಡಿಕೊಳ್ಳುವವಳು ಧಾರವಾಡ ಕಡೆಯ ಇಂದೂ. ಒಂದು ಸೋಮವಾರ ಕಾತ್ರಜದಿಂದ ಮೋಹನದಾಸರು ಫೋನ್ ಮಾಡಿದರು. ಹೋಟೆಲನ್ನು ಮಗಳಿಗೆ ಒಪ್ಪಿಸಿ ಮನೆಯಲ್ಲಿರುವ ಕುಂದಾಪುರದ ಹಿರಿಯರು.

"ನನ್ನ ಹೆಂಡತಿ ಕುಸುಮನಿಗೆ ಸೊಂಟದ ಆಪರೇಷನ್ ಆಗಿದೆ ಮಾರಾಯ್ರೆ. ಇಪ್ಪತ್ತು ದಿನ ಆಯ್ತು, ಮಂಚ ಬಿಟ್ಟು ಇಳಿಲಿಲ್ಲ. ಒಂದು ವೀಲ್‌ಚೇರ್ ಎಲ್ಲಿಯಾದ್ರೂ ಉಂಟಾ?"

ಇತ್ತು. ಇಂದೂ ಇರುವ ನಿಗಡಿಯ ವಸತಿ ಸೊಸೈಟಿಯ ಭಜನಾ ಮಂಡಳಿಯಲ್ಲಿ ಎರಡಿದ್ದವು, ಪುಕ್ಕಟೆ ಕೊಡಲೆಂದೇ ಇಟ್ಟಿದ್ದು. ಒಂದರ ಮೇಲೆ ತಬಲಾ ಕೂತಿತ್ತು.

"ಪಟ್ಟಿಯೊಳಗ ಇಲ್ರೀ ಕಾಕಾ," ಎಂದಳು ಇಂದೂ. ಹಾಗೆ ಹೇಳಿದ ಮೇಲೆ ಅವಳಿಗೆ ವಾರವಿಡೀ ಊಟ ಸೇರಲಿಲ್ಲ. ಭಾನುವಾರ ತಬಲಾ ಕೆಳಗಿಳಿಸಿ, ಕುರ್ಚಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗಿ, ಲಿಫ್ಟಿಲ್ಲದ ಮೂರನೆಯ ಮಹಡಿಗೆ ಹೊತ್ತು ಕೊಟ್ಟುಬಂದಳು. ಕುಸುಮ ಅಂದು ಸಂಜೆಯವರೆಗೂ ಬಾಲ್ಕನಿಯಲ್ಲಿ ಕೂತು ಸಾತಾರಾ ಕಡೆಯ ಬಸ್ಸುಗಳನ್ನು ನೋಡಿದರು.

ಮರುದಿನ ಇಂದೂ ದಾಖಲೆಯಲ್ಲಿ 'ನೆರವು ತಲುಪಿದೆ' ಎಂದು ಬರೆದಳು. ಕಂಪ್ಯೂಟರ್ ಕೆಂಪಗಾಯಿತು. ಬೆಳಗಾವಿ ಮೂಲದ ನಿರ್ದೇಶಕ ಅವಧೂತ ಸಾಹೇಬರು ಅವಳನ್ನು ಕರೆಸಿ ನೋಟಿಸ್ ಓದಿದರು: "ಮಾರ್ಗದರ್ಶನವಿಲ್ಲದೆ ನೆರವು ತಲುಪಿರುವುದು ಗಂಭೀರ ಲೋಪವಾಗಿದ್ದು, ಮೂರು ದಿನಗಳೊಳಗೆ ಅರ್ಜಿದಾರರ ಕಷ್ಟವನ್ನು ಯಥಾಸ್ಥಿತಿಗೆ ತರತಕ್ಕದ್ದು. ತಪ್ಪಿದಲ್ಲಿ ನೌಕರಿಯಿಂದ ತೆಗೆಯಲಾಗುವುದು."

"ಅವರ ಕಷ್ಟ ಹೋಗೇದ್ರಿ ಸರ."

"ಹಿಂಗ ಎಲ್ಲಾರ ಕಷ್ಟಾನೂ ಹೋದ್ರ ನಮ್ಮ ಪಟ್ಟಿ ಯಾರಿಗೆ ಬೇಕವಾ? ಗುರುವಾರ ನಾನೇ ಹೋಗಿ ತಪಾಸಣಿ ಮಾಡ್ತೀನಿ."

ಇಂದೂ ಅಳುತ್ತ ಕಾತ್ರಜಕ್ಕೆ ಫೋನ್ ಮಾಡಿದಳು. ಮೋಹನದಾಸರು ಗಾಬರಿಯಾದರು. ಕುಸುಮ ಫೋನ್ ಕಸಿದುಕೊಂಡರು.

"ಅಳ್ಬೇಡ ಮಗಾ. ನಿನ್ನ ಕೆಲಸ ಹೋಗ್ಲಿಕ್ಕೆ ನಾನು ಬಿಡುದಿಲ್ಲ. ಒಂದು ಗಂಟೆ ಮಂಚದಲ್ಲಿ ನರಳಿದ್ರೆ ನಾನೇನು ಸವೆದು ಹೋಗ್ತೇನಾ?"

ಗುರುವಾರ ಅವರು ಮಂಚದಲ್ಲಿ ಮಲಗಿ ನರಳಲು ಸಿದ್ಧರಾದರು. ಅಡಗಿಸಿಡಲು ನೋಡಿದ ಕುರ್ಚಿ ಮಾತ್ರ ಬಚ್ಚಲ ಬಾಗಿಲಲ್ಲಿ ಹಿಡಿಸದೆ ಹಾಲಿನ ನಡುವೆಯೇ ಉಳಿಯಿತು.

ಅವಧೂತ ಸಾಹೇಬರು ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತ ಬಂದು, ಎದುರಿಗೆ ಸಿಕ್ಕ ಆಸನದಲ್ಲಿ ಧಪ್ಪನೆ ಕುಳಿತರು. ಅದು ತುಸು ಹಿಂದಕ್ಕೆ ಉರುಳಿತು. ಮೋಹನದಾಸರು ಬ್ರೇಕ್ ಹಾಕಿಕೊಟ್ಟರು. ಸಾಹೇಬರು ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಬರೆದು, ನಿಯಮದಂತೆ ಓದಿ ಹೇಳಿದರು: "ಖುದ್ದಾಗಿ ಪರಿಶೀಲಿಸಲಾಯಿತು. ಮನೆಯಲ್ಲಿ ಗಾಲಿಕುರ್ಚಿ ಕಂಡುಬಂದಿಲ್ಲ. ಕಷ್ಟ ಸುಸ್ಥಿತಿಯಲ್ಲಿದೆ. ಸಿಬ್ಬಂದಿಯ ಮೇಲಿನ ನೋಟಿಸ್ ಹಿಂಪಡೆಯಲಾಗಿದೆ."

"ಬರೆದಾಯ್ತಲ್ಲ ಸಾಹೇಬ್ರೇ?" ಎಂದರು ಕುಸುಮ. "ಹಾಗಾದ್ರೆ ಸ್ವಲ್ಪ ಏಳಿ. ನಂಗೆ ಬಾಲ್ಕನಿಗೆ ಹೋಗ್ಲಿಕ್ಕುಂಟು."

ಸಾಹೇಬರು ಸಭ್ಯರು. ತಕ್ಷಣ ಎದ್ದು, ಅವರನ್ನು ಕೂರಿಸಲು ಕೈಕೊಟ್ಟು, ತಾವೇ ತಳ್ಳಿಕೊಂಡು ಹೋಗಿ ಬಿಸಿಲು ಬೀಳುವಲ್ಲಿ ನಿಲ್ಲಿಸಿದರು.

"ಲಗೂನ ನಿಮಗೊಂದು ವೀಲ್‌ಚೇರ್ ಸಿಗಲ್ರೀ ಅಕ್ಕಾರ," ಎಂದು ಕೈಮುಗಿದರು.

"ಸಿಕ್ಕೀತು ಬಿಡಿ ಸಾಹೇಬ್ರೇ," ಎಂದರು ಕುಸುಮ. "ನಮ್ಗೇನೂ ಅವಸರ ಇಲ್ಲ."