ನಲವತ್ತೊಂದರ ವಕೀಲರು

ನಮ್ಮ ದೊಡ್ಡಪ್ಪ ಜೀವಮಾನದಲ್ಲಿ ಒಂದೇ ಒಂದು ಅನ್ಯಾಯದ ವಿರುದ್ಧ ಹೋರಾಡಿದವರು. ಬಡತನವಲ್ಲ, ಜಾತಿಯಲ್ಲ, ವರ್ಣಭೇದವಂತೂ ಅಲ್ಲವೇ ಅಲ್ಲ. ರಿವಾಲ್ವರಿನ ಒಂದು ತೋಟಾಕ್ಕೆ ಈ ಲೋಕ ಮಾಡಿದ ಅನ್ಯಾಯ!

ಅದರ ಹೆಸರು ಫಾರ್ಟಿವನ್ ಮ್ಯಾಗ್ನಮ್. ನೀವು ಕೇಳಿರಲಾರಿರಿ, ಅದೇ ಅವರ ದುಃಖ. ಗಾತ್ರದಲ್ಲಿ ಅದರ ತಮ್ಮನಾದ ತ್ರೀಫಿಫ್ಟಿಸೆವನ್ ಎಲ್ಲರಿಗೂ ಗೊತ್ತು. ಅಣ್ಣ ಫಾರ್ಟಿಫೋರ್ ಸಿನಿಮಾ ನೋಡುವವರಿಗೆಲ್ಲ ಗೊತ್ತು. ನಡುವಿನ ನಲವತ್ತೊಂದನ್ನು ಕೇಳುವವರಿಲ್ಲ. ತಮ್ಮನಿಗಿಂತ ಜೋರಾಗಿ ಹೊಡೆಯುತ್ತದೆ, ಅಣ್ಣನಷ್ಟು ಕೈಯನ್ನು ಒದೆಯುವುದಿಲ್ಲ, ದೂರದ ಗುರಿಗೂ ನೆಟ್ಟಗೆ ಹೋಗುತ್ತದೆ. ಇಷ್ಟೆಲ್ಲ ಗುಣವಿದ್ದೂ ಬೋಲ್ಟನ್ನಿನ ಬಂದೂಕಿನಂಗಡಿಯವನು ಅದನ್ನು ಇಟ್ಟುಕೊಳ್ಳುವುದಿಲ್ಲ, ಕೇಳಿದರೆ ತರಿಸಿಕೊಡುತ್ತಾನೆ. ನನಗೆ ಇದೆಲ್ಲ ಹೇಗೆ ಗೊತ್ತು ಎನ್ನುತ್ತೀರಾ? 2009ರಲ್ಲಿ ಊರಿನಿಂದ ಈ ಪರದೇಶಕ್ಕೆ ಓದಲು ಬಂದವಳು ಐದು ವರ್ಷ ಅವರ ಬೇಸ್‌ಮೆಂಟಿನಲ್ಲೇ ಇದ್ದೆ. ಬಾಡಿಗೆ ಬೇಡವೆಂದರು. ಕಿವಿ ಕೊಟ್ಟರೆ ಸಾಕಿತ್ತು.

ದೊಡ್ಡಪ್ಪ ನಿವೃತ್ತ ಎಂಜಿನಿಯರು, ಮೊಟ್ಟೆಯನ್ನೂ ಮುಟ್ಟದವರು. ದೊಡ್ಡಮ್ಮ ಹಿತ್ತಲಲ್ಲಿ ಬೆಳೆದ ಚಪ್ಪರದವರೆಕಾಯಿಗೆ ಅಳಿಲು ಬಾಯಿ ಹಾಕಿದರೆ ಕಿಟಕಿಯಿಂದ "ಶೂ, ಶೂ" ಎನ್ನುವುದಷ್ಟೇ ಅವರ ಪರಾಕ್ರಮ. ಶನಿವಾರಗಳಂದು ಮಾತ್ರ ಜಾರ್ಜ್‌ಟೌನಿನಾಚೆಯ ಕ್ಲಬ್ಬಿಗೆ ಹೋಗಿ, ಕಾಗದದ ವೃತ್ತಗಳನ್ನು ತೂತು ಮಾಡಿ ಬರುತ್ತಿದ್ದರು.

"ರೀ, ಬರ್ತಾ ಕರಿಬೇವು ತಗೊಂಡ್ಬನ್ನಿ."

"ಆಗಲ್ಲ ಕಣೆ. ರಿವಾಲ್ವರ್ ಕಾರಲ್ಲಿದ್ರೆ ಸ್ಟ್ರೇಟ್ ಮನೆಗೇ ಬರ್ಬೇಕು. ಲಾ!"

"ಓಹೋ! ಹಾಗಾದ್ರೆ ಹೋದ ವಾರ ಕಾರಲ್ಲಿದ್ದ ಅಂಗಡಿ ಕಾಫಿ ಲೋಟ ತಾನೇ ಓಡಿ ಬಂದು ಹತ್ತಿ ಕೂತ್ಕೊಳ್ತಾ?"

ಒಮ್ಮೆ ಸ್ಟ್ರೀಟ್ಸ್‌ವಿಲ್ಲಿನ ಸ್ನೇಹಿತರ ಮನೆಯ ಊಟದಲ್ಲಿ ವಯಸ್ಸಾದ ಡಾಕ್ಟರೊಬ್ಬರು, ಪಾಪ, ಮರ್ಯಾದೆಗೆ "ಏನ್ ಸಾರ್ ಸಮಾಚಾರ?" ಎಂದುಬಿಟ್ಟರು.

"ನೋಡಿ ಡಾಕ್ಟ್ರೇ, ತ್ರೀಫಿಫ್ಟಿಸೆವನ್ ಅಂದ್ರೆ ನೀರುಮಜ್ಜಿಗೆ. ಫಾರ್ಟಿಫೋರ್ ಅಂದ್ರೆ ಗಡ್ಡೆಮೊಸರು, ಗಂಟಲಲ್ಲಿ ಇಳಿಯಲ್ಲ. ಫಾರ್ಟಿವನ್ ಅಂದ್ರೆ ಈ ಮಜ್ಜಿಗೆಹುಳಿ. ಏನ್ ಬ್ಯಾಲೆನ್ಸು, ಏನ್ ಹದ!"

ತಾವೇ ಮಾಡಿ ತಂದಿದ್ದ ಮಜ್ಜಿಗೆಹುಳಿ ಬಡಿಸುತ್ತಿದ್ದ ದೊಡ್ಡಮ್ಮ ಸೌಟನ್ನು ಎತ್ತಿ ಹಿಡಿದರು. "ನಲವತ್ತು ವರ್ಷದಿಂದ ಮಜ್ಜಿಗೆಹುಳಿ ಮಾಡ್ತಿದೀನಿ. ಇವರು ಹೊಗಳಿದ್ದು ಇವತ್ತೇ. ಅದೂ ಬೇರೆಯವಳ ಹೆಸರಲ್ಲಿ!"

ಎಲ್ಲರೂ ನಕ್ಕೆವು. ದೊಡ್ಡಮ್ಮ ನಗಲಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಐದು ವರ್ಷಕ್ಕೊಮ್ಮೆ ಮಾತ್ರ ದೊಡ್ಡಮ್ಮನ ಕಾಲ ಬರುತ್ತಿತ್ತು. ಬಂದೂಕಿನ ಲೈಸೆನ್ಸನ್ನು ನವೀಕರಿಸುವ ಅರ್ಜಿಯಲ್ಲಿ ಹೆಂಡತಿಯ ಸಹಿಗೂ ಒಂದು ಜಾಗವಿದೆ. ಸಹಿ ಇಲ್ಲದಿದ್ದರೆ ಕಚೇರಿಯವರು ಹೆಂಡತಿಯನ್ನೇ ವಿಚಾರಿಸುತ್ತಾರೆ. ಹೀಗಾಗಿ ಅರ್ಜಿ ಬಂದ ತಿಂಗಳು ದೊಡ್ಡಪ್ಪ ಚುನಾವಣೆಗೆ ನಿಂತವರಂತೆ ಆಗಿಬಿಡುತ್ತಿದ್ದರು! ನಾನು ಬಂದ ವರ್ಷವೇ ಕಣ್ಣಾರೆ ಕಂಡೆ: ಪಾತ್ರೆ ತೊಳೆದರು, ತರಕಾರಿ ಹೆಚ್ಚಿದರು, ಕೇಳದೆಯೇ ಕರಿಬೇವು ತಂದರು. ದೊಡ್ಡಮ್ಮ "ಕನ್ನಡಕ ಸಿಗ್ತಿಲ್ಲ ಕಣ್ರೀ" ಎನ್ನುತ್ತ ಮೂರು ವಾರ ಎಳೆದರು. ಕನ್ನಡಕ ಅವರ ಸೆರಗಿನಡಿಯಲ್ಲೇ ಇತ್ತು.

2014ರ ಚಳಿಗಾಲದಲ್ಲಿ ದೊಡ್ಡಮ್ಮ ಅಡುಗೆಮನೆಯಲ್ಲಿ ಕುಸಿದು ಬಿದ್ದರು. ಆಸ್ಪತ್ರೆಯಲ್ಲಿ ನರ್ಸ್ ಕೇಳಿದ್ದು ಸರಳ ಪ್ರಶ್ನೆ: ದಿನಾ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ?

"ಬಿಳೀದು," ಎಂದರು ದೊಡ್ಡಪ್ಪ. ಸ್ವಲ್ಪ ಯೋಚಿಸಿ, "ಒಂದು ಹಳದೀನೂ ಇದೆ."

ಮನೆಯಲ್ಲೇ ತೋಟಾ ತುಂಬಿಕೊಳ್ಳುವಾಗ ಮದ್ದನ್ನು ಸಾಸಿವೆಕಾಳಿನ ಸೂಕ್ಷ್ಮದಲ್ಲಿ ತೂಗುವ ಮನುಷ್ಯ! ದೊಡ್ಡಮ್ಮನ ಪರ್ಸಿನಿಂದ ಚೀಟಿ ತೆಗೆದು ಓದಿದವಳು ನಾನು. ಅವತ್ತಿನಿಂದ ದೊಡ್ಡಪ್ಪನ ಜೊತೆ ಬೇಕಾದಷ್ಟೇ ಮಾತಾಡಿದೆ. ಒಂಬತ್ತು ದಿನಕ್ಕೆ ದೊಡ್ಡಮ್ಮ ಹೋದರು.

ವೈಕುಂಠ ಸಮಾರಾಧನೆಯ ದಿನ ಬಂದವರಿಗೆ ಏನು ಮಾತಾಡಬೇಕೋ ತಿಳಿಯಲಿಲ್ಲ. ಯಾರೋ "ಹೇಗಿದೆ ಸಾರ್ ನಿಮ್ಮ ಫಾರ್ಟಿವನ್ನು?" ಎಂದರು. ದೊಡ್ಡಪ್ಪ ಹೇಳತೊಡಗಿದರು. ಪಾಯಸ ಮುಗಿದರೂ ಹೇಳುತ್ತಲೇ ಇದ್ದರು. ಹೆಂಡತಿಯ ಎಲೆ ಬಡಿಸಿಟ್ಟ ಮನೆಯಲ್ಲಿ ಗುಂಡಿನ ಗುಣಗಾನ! ಅಂಥ ಮನುಷ್ಯನನ್ನು ಏನೆನ್ನಬೇಕು? ನಾನು ಕೆಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಬೇರೆ ಮನೆ ಹುಡುಕಲು ಶುರು ಮಾಡಿದ್ದು ಆ ವಾರವೇ.

ಬೇಸಿಗೆಯಲ್ಲಿ ಲೈಸೆನ್ಸಿನ ಅರ್ಜಿ ಬಂತು. ಮನೆ ಬದಲಾಯಿಸುವ ಸುದ್ದಿ ಹೇಳಲೆಂದು ಮೇಲೆ ಹೋದರೆ, ಅವರು ಊಟದ ಮೇಜಿನ ಮುಂದೆ ಪೆನ್ನು ಹಿಡಿದು ಕೂತಿದ್ದರು. ಹೆಂಡತಿಯ ಸಹಿಯ ಜಾಗದಲ್ಲಿ ಸ್ಕೇಲಿಟ್ಟು ಗೆರೆ ಎಳೆದಿದ್ದರು.

"ಇಲ್ಲೊಂದು ಪ್ರಶ್ನೆ ಇದೆ, ಬಾ. ಎರಡು ವರ್ಷದಲ್ಲಿ ಡಿವೋರ್ಸೋ, ಸೆಪರೇಶನ್ನೋ ಆಗಿದೆಯಾ ಅಂತ. ಇದಕ್ಕೆ ಎಸ್ ಅನ್ಬೇಕಾ, ನೋ ಅನ್ಬೇಕಾ?"

"ಅದು ಗಂಡ ಹೆಂಡತಿ ಬೇರೆಯಾದೋರಿಗೆ, ದೊಡ್ಡಪ್ಪ. ನೋ ಅಂತ ಹಾಕಿ. ಎಸ್ ಅಂದ್ರೆ ಫೋನ್ ಮಾಡಿ ಏನಾಯ್ತು, ಹೇಗಾಯ್ತು ಅಂತೆಲ್ಲ ಕೇಳ್ತಾರೆ."

ಅವರು ಎಸ್ ಎಂಬ ಚೌಕದೊಳಗೆ ನಿಧಾನವಾಗಿ ಗುರುತು ಹಾಕಿದರು.

"ಕೇಳ್ಲಿ ಬಿಡು, ಮಗು," ಎಂದರು. "ಯಾರಾದ್ರೂ ಕೇಳ್ಬೇಕಲ್ಲ."

ಐದು ತಿಂಗಳಾಗಿತ್ತು. ಒಂದೇ ಮನೆಯಲ್ಲಿದ್ದ ನಾನು ಕೇಳಿರಲಿಲ್ಲ.

ಕುರ್ಚಿ ಎಳೆದುಕೊಂಡು ಕೂತೆ. "ದೊಡ್ಡಮ್ಮನ್ನ ನೀವು ಮೊದಲನೇ ಸಲ ನೋಡಿದ್ದು ಎಲ್ಲಿ?" ಎಂದೆ.

ಅವರು ಪೆನ್ನಿಗೆ ಮುಚ್ಚಳ ಹಾಕಿದರು.